ವಿಜಯನಗರ ಸಾಮ್ರಾಜ್ಯದಲ್ಲಿ ಇಸ್ಲಾಮೀ ಹಾಗೂ ದೇಶೀಯ ಸಂಪ್ರದಾಯಗಳ ಬೆಸುಗೆ: ಆಸ್ಥಾನ ಮತ್ತು ಆಲಯ

ದಕ್ಷಿಣ ಭಾರತದ ಚರಿತ್ರೆಯಲ್ಲಿ ವಿಜಯನಗರ ಸಾಮ್ರಾಜ್ಯಕ್ಕೆ ಇರುವ ಸ್ಥಾನ ವಿಶಿಷ್ಟವಾದುದು. ಕ್ರಿ.ಶ. 1336ರಲ್ಲಿ ಸ್ಥಾಪನೆಗೊಂಡಿತೆಂದು ಪರಂಪರೆ ಹೇಳುವ ಈ ಸಾಮ್ರಾಜ್ಯವು ಮೂರು ಶತಮಾನಗಳಿಗೂ ಮಿಕ್ಕ ಅವಧಿಯಲ್ಲಿ ಕನ್ನಡ, ತೆಲುಗು, ತಮಿಳು ಮತ್ತು ತುಳು ಭಾಷಿಕರನ್ನು, ಶೈವ, ವೈಷ್ಣವ, ಜೈನ ಹಾಗೂ ಮುಸ್ಲಿಂ ಸಮುದಾಯಗಳನ್ನು ಒಂದೇ ಆಳ್ವಿಕೆಯ ಅಡಿಯಲ್ಲಿ ಒಳಗೊಂಡಿತ್ತು. ಆದರೂ ಈ ಸಾಮ್ರಾಜ್ಯವನ್ನು ಕುರಿತ ಆಧುನಿಕ ಚರಿತ್ರೆಯ ಬರವಣಿಗೆ ಬಹುಕಾಲ ಒಂದೇ ಚೌಕಟ್ಟಿನೊಳಗೆ ನಡೆದುಬಂದಿತು. 1900ರಲ್ಲಿ ಪ್ರಕಟವಾದ ರಾಬರ್ಟ್ ಸ್ಯೂಯೆಲ್‌ರ ಗ್ರಂಥವು ವಿಜಯನಗರವನ್ನು ಉತ್ತರದಿಂದ ಬಂದ ಮುಸ್ಲಿಂ ಅರಸೊತ್ತಿಗೆಗಳ ಎದುರು ನಿಂತ ಹಿಂದೂ ಕೋಟೆಯೆಂದು ಚಿತ್ರಿಸಿತು. ಅನಂತರ ಬಂದ ಅನೇಕ ಗ್ರಂಥಗಳು ಈ ಚಿತ್ರವನ್ನೇ ವಿಸ್ತರಿಸಿದವು.

ಈ ಚೌಕಟ್ಟನ್ನು ಒಪ್ಪಿ ಹಂಪೆಯ ಅವಶೇಷಗಳನ್ನು ನೋಡಹೊರಟವರಿಗೆ ಹೆಜ್ಜೆಹೆಜ್ಜೆಗೂ ತೊಡಕು ಎದುರಾಗುತ್ತದೆ. ಅರಮನೆಯ ಆವರಣದಲ್ಲಿ ಕಮಾನುಗಳೂ ಗುಮ್ಮಟಗಳೂ ಇವೆ. ಅರಸನ ಬಿರುದಾವಳಿಯಲ್ಲಿ ಸುಲ್ತಾನನೆಂಬ ಪದವಿದೆ. ಭಿತ್ತಿಚಿತ್ರಗಳಲ್ಲಿ ಪಾರಸೀಕ ಮೂಲದ ಟೋಪಿಯನ್ನೂ ಅರಬ್ಬೀ ಹೆಸರಿನ ಅಂಗಿಯನ್ನೂ ತೊಟ್ಟ ಪ್ರಧಾನರಿದ್ದಾರೆ. ಇವನ್ನು ಕೇವಲ 'ಪ್ರಭಾವ' ಎಂದು ಕರೆದು ಮುಂದೆ ಸಾಗುವ ರೂಢಿಯಿದೆ. ಆದರೆ ಪ್ರಭಾವವೆಂಬ ಮಾತು ಪಡೆದವನನ್ನು ನಿಷ್ಕ್ರಿಯನನ್ನಾಗಿಸುತ್ತದೆ. ಯಾವುದನ್ನು ಸ್ವೀಕರಿಸಲಾಯಿತು, ಯಾವುದನ್ನು ಬಿಡಲಾಯಿತು, ಸ್ವೀಕರಿಸಿದ್ದನ್ನು ಎಲ್ಲಿ ಇರಿಸಲಾಯಿತು ಎಂಬ ಪ್ರಶ್ನೆಗಳು ಅದರಿಂದ ಮರೆಯಾಗುತ್ತವೆ. ವಿಜಯನಗರದಲ್ಲಿ ನಡೆದ ಬೆರಕೆಗೆ ಖಚಿತವಾದ ಒಂದು ಕ್ರಮವಿತ್ತು, ಆ ಕ್ರಮವನ್ನು ನಿರ್ಧರಿಸಿದ್ದು ಸಂದರ್ಭ ಹಾಗೂ ಸ್ಥಳವೇ ಹೊರತು ವ್ಯಕ್ತಿಯ ಮತವಲ್ಲ ಎಂಬುದನ್ನು ಬಿರುದು, ಉಡುಪು ಮತ್ತು ಕಟ್ಟಡಗಳೆಂಬ ಮೂರು ಬಗೆಯ ಆಕರಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಬಿರುದಿನ ಸಾಕ್ಷ್ಯ

ಸಂಗಮ ವಂಶದ ಆರಂಭದ ಅರಸರ ಶಾಸನಗಳಲ್ಲಿ, 14ನೆಯ ಶತಮಾನದ ನಡುಭಾಗದಿಂದಲೇ, 'ಹಿಂದೂರಾಯ ಸುರತ್ರಾಣ' ಎಂಬ ಬಿರುದು ಕಾಣಿಸಿಕೊಳ್ಳುತ್ತದೆ. ಬುಕ್ಕರಾಯನ ಕಾಲದಲ್ಲಿ ಬಳಕೆಗೆ ಬಂದಿದ್ದ ಈ ಬಿರುದನ್ನು ಮುಂದೆ ತುಳುವ ವಂಶದ ಕೃಷ್ಣದೇವರಾಯನ ಹಂಪೆಯ ಕ್ರಿ.ಶ. 1510ರ ಶಾಸನದಲ್ಲಿಯೂ ಅರವೀಡು ವಂಶದ ತಾಮ್ರಪಟಗಳಲ್ಲಿಯೂ ಕಾಣಬಹುದು. ಅಂದರೆ ವಂಶಗಳು ಬದಲಾದರೂ ಬಿರುದು ಬದಲಾಗಲಿಲ್ಲ.

'ಸುರತ್ರಾಣ' ಎಂಬುದು ಅರಬ್ಬೀ ಮೂಲದ 'ಸುಲ್ತಾನ್' ಪದದ ಸಂಸ್ಕೃತ ರೂಪ. ಇದು ವಿಜಯನಗರದವರು ಹೊಸದಾಗಿ ರೂಪಿಸಿದ ಪದವಲ್ಲ. ಉತ್ತರ ಭಾರತದ ಸಂಸ್ಕೃತ ಬರಹಗಳಲ್ಲಿ ದೆಹಲಿಯ ಸುಲ್ತಾನರನ್ನು ಹೆಸರಿಸಲು ಈ ಪದ ಮೊದಲೇ ಬಳಕೆಯಲ್ಲಿತ್ತು. ಸಂಸ್ಕೃತ ಬಲ್ಲವರಿಗೆ ಇದು 'ದೇವತೆಗಳ ರಕ್ಷಕ' ಎಂಬ ಅರ್ಥವನ್ನೂ ಕೊಡುತ್ತದೆ. ಒಂದೇ ಪದ ಎರಡು ಲೋಕಗಳಲ್ಲಿ ಎರಡು ಅರ್ಥಗಳೊಡನೆ ಸಲ್ಲುವಂತಿದ್ದುದು ಅದರ ಸ್ವೀಕಾರಕ್ಕೆ ನೆರವಾಗಿರಬೇಕು.

ಈ ಬಿರುದು ಯಾವುದರ ಜೊತೆಗೆ ಬರುತ್ತದೆ ಎಂಬುದು ಇಲ್ಲಿ ಮುಖ್ಯ. 'ರಾಜಾಧಿರಾಜ', 'ರಾಜಪರಮೇಶ್ವರ' ಎಂಬ ಸಂಸ್ಕೃತ ಬಿರುದುಗಳು, 'ಭಾಷೆಗೆ ತಪ್ಪುವ ರಾಯರ ಗಂಡ', 'ಮೂರುರಾಯರ ಗಂಡ' ಎಂಬ ಕನ್ನಡ ಬಿರುದುಗಳು ಮತ್ತು 'ಹಿಂದೂರಾಯ ಸುರತ್ರಾಣ'—ಇವು ಒಂದೇ ಪರಂಪರೆಯ ಬಿರುದಾವಳಿಯಲ್ಲಿ ಸಾಲುಗೊಂಡು ನಿಲ್ಲುತ್ತವೆ. ಮೊದಲನೆಯ ಬಗೆ ಪ್ರಾಚೀನ ಸಾರ್ವಭೌಮತ್ವದ ಭಾಷೆ. ಎರಡನೆಯದು ನಾಡಿನ ವೀರರ ನುಡಿಗಟ್ಟು. ಮೂರನೆಯದು ಸಮಕಾಲೀನ ರಾಜಕಾರಣದ ಪರಿಭಾಷೆ. ಬಹಮನಿ ಸುಲ್ತಾನರೊಡನೆ ಯುದ್ಧವನ್ನೂ ಸಂಧಾನವನ್ನೂ ನಡೆಸಬೇಕಾಗಿದ್ದ ಅರಸನಿಗೆ ತನ್ನ ಅಂತಸ್ತನ್ನು ಎದುರಾಳಿಗೆ ತಿಳಿಯುವ ಮಾತಿನಲ್ಲಿ ಸಾರುವುದು ಅಗತ್ಯವಾಗಿತ್ತು. 'ಹಿಂದೂ' ಎಂಬ ಪದವೂ ಹೊರಗಿನವರು ಈ ನಾಡಿನವರನ್ನು ಕರೆಯುತ್ತಿದ್ದ ಹೆಸರು. ಹೀಗಾಗಿ ಬಿರುದಿನ ಎರಡು ಭಾಗಗಳೂ ನೆರೆಯವರ ನುಡಿಯಿಂದ ಬಂದವು. ಹಿಂದೂ ಅರಸರೊಳಗೆ ಸುಲ್ತಾನನೆಂದು ಹೇಳಿಕೊಂಡವನು ಇಸ್ಲಾಂ ಮತವನ್ನು ಒಪ್ಪಿದವನೂ ಅಲ್ಲ, ಸುಲ್ತಾನಗಿರಿಯನ್ನು ತಿರಸ್ಕರಿಸಿದವನೂ ಅಲ್ಲ. ಅದನ್ನು ರಾಜತ್ವದ ಒಂದು ಮಾದರಿಯೆಂದು ಗ್ರಹಿಸಿ ತನ್ನದಾಗಿಸಿಕೊಂಡವನು. ಈ ಬಿರುದಿನ ಮಹತ್ತ್ವವನ್ನು ವಿದ್ವತ್ ಲೋಕದ ಗಮನಕ್ಕೆ ತಂದವರಲ್ಲಿ ಫಿಲಿಪ್ ವ್ಯಾಗನರ್ ಪ್ರಮುಖರು. 1996ರ ಅವರ ಪ್ರಬಂಧವು ಬಿರುದು ಮತ್ತು ಉಡುಪುಗಳನ್ನು ಒಟ್ಟಿಗೆ ಇಟ್ಟು ನೋಡುವ ಮಾರ್ಗವನ್ನು ತೆರೆಯಿತು.

ಇದೇ ಅರಸರು ತಮ್ಮ ದಾನಶಾಸನಗಳ ಕೊನೆಯಲ್ಲಿ 'ಶ್ರೀ ವಿರೂಪಾಕ್ಷ' ಎಂದು ಕನ್ನಡ ಲಿಪಿಯಲ್ಲಿ ಅಂಕಿತ ಹಾಕುತ್ತಿದ್ದರು. ಭೂಮಿಯನ್ನು ದೇವರಿಗೋ ಬ್ರಾಹ್ಮಣರಿಗೋ ಧಾರೆಯೆರೆಯುವ ಹೊತ್ತಿಗೆ ದೊರೆ ಕುಲದೈವದ ಹೆಸರಿನಲ್ಲಿ ಮಾತನಾಡುತ್ತಾನೆ. ಶಾಸನವೊಂದರ ಬಿರುದಾವಳಿಗೂ ಅಂಕಿತಕ್ಕೂ ನಡುವೆ ಇರುವ ಈ ಅಂತರವನ್ನು ಮುಂದಿನ ಸಾಕ್ಷ್ಯಗಳಲ್ಲಿಯೂ ಕಾಣುತ್ತೇವೆ.

ಉಡುಪಿನ ಸಾಕ್ಷ್ಯ

ಕ್ರಿ.ಶ. 1443ರಲ್ಲಿ ತೈಮೂರಿ ದೊರೆ ಶಾರುಖನ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕನು ಎರಡನೆಯ ದೇವರಾಯನನ್ನು ಕಂಬಗಳ ಸಭಾಂಗಣದಲ್ಲಿ ಕಂಡುದನ್ನು ದಾಖಲಿಸಿದ್ದಾನೆ. ಅರಸನು ರೇಷ್ಮೆಯ ಕಬಾ ತೊಟ್ಟು, ಕೊರಳಲ್ಲಿ ಮುತ್ತಿನ ಹಾರ ಧರಿಸಿದ್ದನೆಂಬುದು ಅವನ ವರ್ಣನೆಯ ಸಾರ. ಸುಮಾರು 1520ರಲ್ಲಿ ಕೃಷ್ಣದೇವರಾಯನನ್ನು ಕಂಡ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಅರಸನು ಚಿನ್ನದ ಕಸೂತಿಯ ಬಿಳಿಯ ಬಟ್ಟೆ ಉಟ್ಟು, ಜರತಾರಿಯ ಎತ್ತರದ ಟೋಪಿ ಧರಿಸಿದ್ದನೆಂದೂ ಅವನ ಕಾಲುಗಳು ಬರಿದಾಗಿದ್ದವೆಂದೂ ಬರೆದಿದ್ದಾನೆ. ಟೋಪಿ ಹೊಸದು, ಬರಿಗಾಲು ಹಳೆಯದು. ಇವೆರಡೂ ಒಂದೇ ದೇಹದ ಮೇಲಿದ್ದುದನ್ನು ಪೇಸ್ ಯಾವ ವ್ಯಾಖ್ಯಾನವೂ ಇಲ್ಲದೆ ಹೇಳಿದ್ದಾನೆ.

ಈ ಟೋಪಿಯ ಹೆಸರು ಕುಲ್ಲಾಯಿ. ಅದು ಪಾರಸೀಕದ 'ಕುಲಾಹ್' ಪದದಿಂದ ಬಂದುದು. ಅಂಗಿಯ ಹೆಸರಾದ ಕಬಾಯಿ ಅರಬ್ಬಿಯ 'ಕಬಾ'ದಿಂದ ಬಂದುದು. ತೆಲುಗಿನ ಕವಿ ಶ್ರೀನಾಥನ ಹೆಸರಿನಲ್ಲಿ ಪ್ರಚಲಿತವಿರುವ ಚಾಟುಪದ್ಯವೊಂದರಲ್ಲಿ, ಕರ್ಣಾಟದ ರಾಜದರ್ಶನಕ್ಕಾಗಿ ಕುಲ್ಲಾಯಿ ಧರಿಸಬೇಕಾಗಿ ಬಂದುದರ ಬಗೆಗೆ ಕವಿಯ ಗೊಣಗಾಟವಿದೆ. ಇದರಿಂದ ಈ ಉಡುಪು ವೈಯಕ್ತಿಕ ಶೋಕಿಯಾಗಿರದೆ ಆಸ್ಥಾನದ ಶಿಷ್ಟಾಚಾರವೇ ಆಗಿತ್ತೆಂಬುದು ತಿಳಿಯುತ್ತದೆ. ಕನ್ನಡದಲ್ಲಿ ಈ ಪದ ಕುಲಾವಿ, ಕುಲಾಯಿ ಎಂಬ ರೂಪಗಳಲ್ಲಿ ಉಳಿದುಬಂದಿದ್ದು, ಮಕ್ಕಳ ಟೋಪಿಯನ್ನು ಹೀಗೆ ಕರೆಯುವವರು ಇಂದಿಗೂ ಇದ್ದಾರೆ. ಒಮ್ಮೆ ಪ್ರಭುತ್ವದ ಚಿಹ್ನೆಯಾಗಿದ್ದ ವಸ್ತುವು ಮನೆಯ ತೊಟ್ಟಿಲವರೆಗೆ ಸಾಗಿಬಂದುದು ಬೆರಕೆಯ ಆಳವನ್ನು ಸೂಚಿಸುತ್ತದೆ.

ಲೇಪಾಕ್ಷಿಯ ವೀರಭದ್ರ ದೇವಾಲಯದ ಚಾವಣಿಯ ವರ್ಣಚಿತ್ರಗಳು ಈ ಉಡುಪಿನ ಅತ್ಯುತ್ತಮ ದೃಶ್ಯಸಾಕ್ಷ್ಯವಾಗಿವೆ. 16ನೆಯ ಶತಮಾನದ ಈ ಚಿತ್ರಗಳಲ್ಲಿ ಅಧಿಕಾರಿಗಳೂ ಪರಿವಾರದವರೂ ಉದ್ದನೆಯ ಬಿಳಿಯ ಅಂಗಿ ಹಾಗೂ ಎತ್ತರದ ಟೋಪಿಗಳನ್ನು ಧರಿಸಿದ್ದಾರೆ. ಅದೇ ಚಿತ್ರಗಳಲ್ಲಿನ ಸ್ತ್ರೀಯರು ಮಾತ್ರ ವೈವಿಧ್ಯಮಯ ವಿನ್ಯಾಸಗಳ ಸೀರೆಗಳನ್ನು ಉಟ್ಟಿದ್ದಾರೆ. ಅವರ ಉಡುಪಿನಲ್ಲಿ ಹೊಸ ಮಾದರಿಯ ಸುಳಿವಿಲ್ಲ. ಆಸ್ಥಾನದ ಸಾರ್ವಜನಿಕ ವ್ಯವಹಾರಕ್ಕೆ ಪ್ರವೇಶವಿದ್ದ ಪುರುಷರ ಮೈಮೇಲೆ ಮಾತ್ರ ಹೊಸ ಉಡುಪು ಬಂದಿದೆ.

ತಿರುಮಲೆಯ ದೇವಾಲಯದಲ್ಲಿರುವ ಕೃಷ್ಣದೇವರಾಯ ಮತ್ತು ಅವನ ಇಬ್ಬರು ರಾಣಿಯರ ಲೋಹಪ್ರತಿಮೆಗಳನ್ನು ಇದರೊಡನೆ ಹೋಲಿಸಬೇಕು. ಇಲ್ಲಿ ಅರಸನು ಕೈಮುಗಿದು ನಿಂತಿದ್ದಾನೆ. ತಲೆಯ ಮೇಲೆ ಎತ್ತರದ ಟೋಪಿಯಿದೆ, ಆದರೆ ಮೈಮೇಲೆ ಅಂಗಿಯಿಲ್ಲ. ಸೊಂಟದ ಕೆಳಗೆ ಧೋತ್ರ, ಮೇಲೆ ಆಭರಣಗಳಷ್ಟೇ. ದೇವರ ಸನ್ನಿಧಿಗೆ ಮೇಲುಡುಗೆಯಿಲ್ಲದೆ ಹೋಗುವ ದಕ್ಷಿಣದ ಆಚಾರವನ್ನು ಚಕ್ರವರ್ತಿಯೂ ಪಾಲಿಸಿದ್ದಾನೆ. ಟೋಪಿಯು ಅವನ ರಾಜಪದವಿಯ ಗುರುತಾಗಿ ಉಳಿದಿದೆ. ಆಸ್ಥಾನದ ನಿಯಮವೂ ಆಲಯದ ನಿಯಮವೂ ಒಂದೇ ಪ್ರತಿಮೆಯಲ್ಲಿ ತಮ್ಮ ತಮ್ಮ ಪಾಲನ್ನು ಪಡೆದಿವೆ.

ಕಟ್ಟಡಗಳ ಸಾಕ್ಷ್ಯ

ಹಂಪೆಯ ಕಟ್ಟಡಗಳಲ್ಲಿ ಎರಡು ರೀತಿಗಳನ್ನು ಸ್ಪಷ್ಟವಾಗಿ ಗುರುತಿಸಬಹುದು. ದೇವಾಲಯಗಳು ಕಣಶಿಲೆಯ ಕಂಬ ಮತ್ತು ತೊಲೆಗಳ ವಿಧಾನದಲ್ಲಿ ನಿರ್ಮಾಣವಾದವು. ಅಧಿಷ್ಠಾನ, ಭಿತ್ತಿ, ಕಪೋತ, ಶಿಖರಗಳ ಕ್ರಮ ದ್ರಾವಿಡ ಶೈಲಿಯದು. ವಿಠ್ಠಲ ದೇವಾಲಯದ ಮಂಟಪಗಳಲ್ಲಿ ಈ ರೀತಿ ತನ್ನ ಉನ್ನತಿಯನ್ನು ಮುಟ್ಟಿದೆ. ಇನ್ನೊಂದೆಡೆ ಕಮಲ ಮಹಲ್, ಆನೆಲಾಯ, ರಾಣಿಯರ ಸ್ನಾನಗೃಹ, ಕಾವಲು ಗೋಪುರಗಳು ಮೊದಲಾದ ಲೌಕಿಕ ಕಟ್ಟಡಗಳಿವೆ. ಇವುಗಳಲ್ಲಿ ಗಾರೆಯಿಂದ ಬಂಧಿಸಿದ ಕಲ್ಲುಗಳ ಗೋಡೆ, ಮೇಲೆ ಗಚ್ಚಿನ ಅಲಂಕರಣ, ಕಮಾನು ಹಾಗೂ ಗುಮ್ಮಟಗಳಿವೆ. ಈ ತಂತ್ರ ಬಹಮನಿ ರಾಜ್ಯದ ಕಟ್ಟಡಗಳಿಂದ ಬಂದುದು. ಇಂದು ನಾವು ಬಳಸುವ ಹೆಸರುಗಳು ಈಚಿನವು ಎಂಬುದನ್ನು ಇಲ್ಲಿ ನೆನಪಿಡಬೇಕು.

ಈ ಎರಡನೆಯ ರೀತಿಯನ್ನು 1917ರಲ್ಲಿ ಹಂಪೆಯ ಅವಶೇಷಗಳನ್ನು ಕುರಿತು ಬರೆದ ಲಾಂಗ್‌ಹರ್ಸ್ಟ್ ಮೊದಲಾದ ವಿದ್ವಾಂಸರು 'ಇಂಡೋ ಸಾರಸನಿಕ್' ಎಂದು ಕರೆದರು. 1980ರಿಂದ ನಡೆದ ಸರ್ವೇಕ್ಷಣೆಗಳಲ್ಲಿ ಜಾರ್ಜ್ ಮಿಶೆಲ್ ಮತ್ತು ಜಾನ್ ಫ್ರಿಟ್ಜ್ ಅವರು ಈ ಕಟ್ಟಡಗಳನ್ನು ಅವುಗಳ ಬಳಕೆಯ ದೃಷ್ಟಿಯಿಂದ ಪರಿಶೀಲಿಸಿ, ಇದನ್ನು ಆಸ್ಥಾನ ಶೈಲಿಯೆಂದು ಗುರುತಿಸಿದರು. ಹೆಸರಿನ ಈ ಬದಲಾವಣೆ ಸಣ್ಣದಲ್ಲ. ಮೊದಲ ಹೆಸರು ಕಟ್ಟಡದ ಅಂಗಗಳು ಯಾವ ಮತದವರಿಂದ ಬಂದವೆಂದು ಕೇಳುತ್ತದೆ. ಎರಡನೆಯದು ಆ ಕಟ್ಟಡ ಯಾರಿಗಾಗಿ, ಯಾವ ಕಾರ್ಯಕ್ಕಾಗಿ ನಿಂತಿತೆಂದು ಕೇಳುತ್ತದೆ.

ಕಮಲ ಮಹಲಿನ ರಚನೆಯನ್ನು ಗಮನಿಸಿದರೆ ಎರಡನೆಯ ಪ್ರಶ್ನೆಯೇ ಹೆಚ್ಚು ಸಾರ್ಥಕವೆಂಬುದು ತಿಳಿಯುತ್ತದೆ. ಅದರ ತಳಪಾಯದ ಪಟ್ಟಿಕೆಗಳು ದೇವಾಲಯದ ಅಧಿಷ್ಠಾನವನ್ನು ಹೋಲುತ್ತವೆ. ತೆರಪುಗಳಿಗೆ ಎಸಳೆಸಳಾದ ಕಮಾನುಗಳಿವೆ. ಗಚ್ಚಿನ ಅಲಂಕಾರದಲ್ಲಿ ಎರಡೂ ಪರಂಪರೆಗಳ ವಿನ್ಯಾಸಗಳಿವೆ. ಮೇಲ್ಭಾಗದಲ್ಲಿ ಗುಮ್ಮಟವಿಲ್ಲದೆ, ದೇವಾಲಯದ ಶಿಖರದಂತೆ ಅಂತರಂತರವಾಗಿ ಏರುವ ರಚನೆಗಳಿವೆ. ಇದನ್ನು ಬಹಮನಿ ಕಟ್ಟಡದ ನಕಲೆನ್ನಲಾಗದು, ದೇವಾಲಯದ ರೂಪಾಂತರವೆಂದೂ ಹೇಳಲಾಗದು. ಆನೆಲಾಯದ ಹನ್ನೊಂದು ಕೋಣೆಗಳ ಸಾಲಿನ ಮೇಲಿನ ಗುಮ್ಮಟಗಳು ಒಂದೇ ಬಗೆಯವಲ್ಲ. ನಡುವಿನ ಕೋಣೆಯ ಮೇಲೆ ಎತ್ತರಿಸಿದ ಕಟ್ಟಡವೊಂದಿತ್ತು. ಇಂಥ ಕಟ್ಟಡಗಳು ಸಾಕಷ್ಟು ದೀರ್ಘಕಾಲ ಜೊತೆಗೂಡಿ ದುಡಿದ ಶಿಲ್ಪಿಗಳು, ಗಾರೆ ಕೆಲಸದವರು ಮತ್ತು ಸೂತ್ರಧಾರರಿಲ್ಲದೆ ನಿರ್ಮಾಣವಾಗಲಾರವು.

ಈ ವಿಭಜನೆ ಗೋಡೆ ಹಾಕಿದಂತೆ ಕಟ್ಟುನಿಟ್ಟಾಗಿರಲಿಲ್ಲ. ಕೃಷ್ಣ ದೇವಾಲಯದ ಹೊರ ಆವರಣದಲ್ಲಿ ಉಗ್ರಾಣವೆಂದು ಭಾವಿಸಲಾದ, ಕಮಾನು ಗುಮ್ಮಟಗಳುಳ್ಳ ಕಟ್ಟಡವಿದೆ. ಆದರೆ ಅಲ್ಲಿಯೂ ಕ್ರಮ ಮುರಿದಿಲ್ಲ. ಧಾನ್ಯ ಸಂಗ್ರಹವು ದೇವಾಲಯದ ಆಡಳಿತಕ್ಕೆ ಸೇರಿದ ಲೌಕಿಕ ಕಾರ್ಯ. ಗುಮ್ಮಟವು ಪ್ರಾಕಾರದೊಳಕ್ಕೆ ಬಂದಿದೆ, ಗರ್ಭಗೃಹದ ಮೇಲೆ ಏರಿಲ್ಲ.

ಅಹಮದ್ ಖಾನನ ಧರ್ಮಸಾಲೆ

ಇದುವರೆಗಿನ ಸಾಕ್ಷ್ಯಗಳು ಹಿಂದೂ ಅರಸರು ಇಸ್ಲಾಮೀ ರೂಪಗಳನ್ನು ಸ್ವೀಕರಿಸಿದ ಬಗೆಯನ್ನು ತೋರಿಸಿದವು. ಇದರ ಮರುಮುಖವನ್ನು ತಿಳಿಯಲು ರಾಜಧಾನಿಯ ಈಶಾನ್ಯ ಭಾಗದಲ್ಲಿ ತಳಾರಿಗಟ್ಟದ ಬಾಗಿಲಿನತ್ತ ಸಾಗುವ ದಾರಿಯ ಬಳಿಯಿರುವ ಒಂದು ಕಟ್ಟಡವನ್ನು ನೋಡಬೇಕು. ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನನು ಕ್ರಿ.ಶ. 1439ರಲ್ಲಿ ಇದನ್ನು ಕಟ್ಟಿಸಿದನು. ಅಲ್ಲಿರುವ ಶಾಸನ ಕನ್ನಡದಲ್ಲಿದೆ. ಅದು ಈ ಕಟ್ಟಡವನ್ನು ಮಸೀದಿಯೆಂದು ಕರೆಯದೆ 'ಧರ್ಮಸಾಲೆ' ಎಂದು ಕರೆಯುತ್ತದೆ. ಜೊತೆಗೆ ಬಾವಿಯೊಂದನ್ನು ಮಾಡಿಸಿದ್ದನ್ನೂ ಈ ಕಾರ್ಯದ ಪುಣ್ಯ ದೇವರಾಯನಿಗೆ ಸಲ್ಲಬೇಕೆಂಬ ಆಶಯವನ್ನೂ ಹೇಳುತ್ತದೆ.

ಕಟ್ಟಡದ ರೂಪ ಇನ್ನೂ ಕುತೂಹಲಕರ. ಅದಕ್ಕೆ ಗುಮ್ಮಟವಿಲ್ಲ, ಮಿನಾರುಗಳಿಲ್ಲ, ಕಮಾನುಗಳ ಸಾಲಿಲ್ಲ. ಪೂರ್ವಕ್ಕೆ ತೆರೆದ, ಕಲ್ಲಿನ ಕಂಬಗಳ ಮಂಟಪವದು. ದೂರದಿಂದ ನೋಡಿದವರು ದೇವಾಲಯದ ಮಂಟಪವೆಂದೇ ತಿಳಿದಾರು. ಪಶ್ಚಿಮದ ಗೋಡೆಯಲ್ಲಿರುವ ಮಿಹ್ರಾಬಿನ ಗೂಡು ಮಾತ್ರ ಅದು ಪ್ರಾರ್ಥನಾ ಸ್ಥಳವೆಂದು ತಿಳಿಸುತ್ತದೆ. ಸಮೀಪದಲ್ಲಿಯೇ ಇರುವ ಗೋರಿಗೆ ಗುಮ್ಮಟವಿದೆ. ರಾಜಧಾನಿಯ ಪಶ್ಚಿಮಕ್ಕೆ ಕಡಿರಾಂಪುರದಲ್ಲಿರುವ ಎರಡು ದೊಡ್ಡ ಗೋರಿಗಳೂ ಬಹಮನಿ ಮಾದರಿಯ ಗುಮ್ಮಟಗಳನ್ನು ಹೊಂದಿವೆ. ಆದುದರಿಂದ ಗುಮ್ಮಟ ಕಟ್ಟುವ ಸಾಮರ್ಥ್ಯವಾಗಲಿ ಅನುಮತಿಯಾಗಲಿ ಇಲ್ಲದೆ ಹೀಗಾಯಿತೆಂದು ಹೇಳಲು ಬರುವುದಿಲ್ಲ.

ಅರಸನು ತನ್ನ ಅರಮನೆಗೆ ಕಮಾನುಗಳನ್ನು ಹಾಕಿಸುತ್ತಿದ್ದ ಪರಂಪರೆಯಲ್ಲಿ, ಅವನ ಮುಸ್ಲಿಂ ಅಧಿಕಾರಿ ತನ್ನ ಪ್ರಾರ್ಥನೆಯ ಮನೆಗೆ ಮಂಟಪದ ರೂಪವನ್ನು ಆಯ್ದುಕೊಂಡನು. ಮತದ ಆಧಾರದ ಮೇಲೆ ಶೈಲಿಗಳನ್ನು ವಿಂಗಡಿಸುವ ಕ್ರಮ ಇಲ್ಲಿ ಪೂರ್ಣವಾಗಿ ತಲೆಕೆಳಗಾಗುತ್ತದೆ. ಅಹಮದ್ ಖಾನನು ಈ ನಾಡಿನಲ್ಲಿ ಸತ್ಕಾರ್ಯವೆಂದರೆ ಏನೆಂದು ಜನ ತಿಳಿದಿದ್ದರೋ ಆ ಮಾತಿನಲ್ಲಿ, ಆ ರೂಪದಲ್ಲಿ ತನ್ನ ಕಾರ್ಯವನ್ನು ನಿವೇದಿಸಿದ್ದಾನೆ. ಆದರೆ ಪ್ರಾರ್ಥನೆಯ ದಿಕ್ಕನ್ನು ಅವನು ಬಿಟ್ಟುಕೊಟ್ಟಿಲ್ಲ. ತಿರುಮಲೆಯ ಪ್ರತಿಮೆಯಲ್ಲಿ ಅಂಗಿಯನ್ನು ತೊರೆದ ಅರಸನಿಗೂ ಹಂಪೆಯ ಮಂಟಪದಲ್ಲಿ ಮಿಹ್ರಾಬನ್ನು ಉಳಿಸಿಕೊಂಡ ಅಧಿಕಾರಿಗೂ ತಾವು ಯಾವುದನ್ನು ಬೆರೆಸಬಹುದು, ಯಾವುದನ್ನು ಬೆರೆಸಬಾರದು ಎಂಬುದರ ಅರಿವು ಸಮಾನವಾಗಿತ್ತು.

ಸೇನೆ ಮತ್ತು ನೆರೆಯ ರಾಜ್ಯಗಳು

ಈ ಸಂಬಂಧಗಳ ಹಿಂದೆ ನಿಶ್ಚಿತವಾದ ಲೌಕಿಕ ಕಾರಣಗಳಿದ್ದವು. 17ನೆಯ ಶತಮಾನದ ಆದಿಭಾಗದಲ್ಲಿ ಬಿಜಾಪುರದಲ್ಲಿದ್ದು ಚರಿತ್ರೆ ಬರೆದ ಫಿರಿಸ್ತಾ, ಬಹಮನಿಗಳೆದುರಿನ ಸೋಲುಗಳಿಗೆ ಕುದುರೆ ಮತ್ತು ಬಿಲ್ಲುಗಾರಿಕೆಯ ಕೊರತೆಯೇ ಕಾರಣವೆಂದು ತಿಳಿದ ಎರಡನೆಯ ದೇವರಾಯನು ಮುಸ್ಲಿಂ ಯೋಧರನ್ನು ಸೇವೆಗೆ ತೆಗೆದುಕೊಂಡನೆಂದು ಹೇಳುತ್ತಾನೆ. ಅವರಿಗೆ ಭೂಮಿಯನ್ನು ಕೊಟ್ಟು, ಮಸೀದಿ ಕಟ್ಟಿಸಿ, ಅವರು ನಿಸ್ಸಂಕೋಚವಾಗಿ ವಂದಿಸಲೆಂದು ಸಿಂಹಾಸನದ ಮುಂದೆ ಕುರಾನನ್ನು ಇರಿಸಿದನೆಂಬುದೂ ಅವನ ಕಥನದಲ್ಲಿದೆ. ಒಂದೂವರೆ ಶತಮಾನದ ಅನಂತರದ ಈ ಬರಹವನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೂ 1439ರ ಶಾಸನ ಅದರ ಮೂಲಾಂಶವನ್ನು ಸಮರ್ಥಿಸುತ್ತದೆ. ವಿಜಯನಗರದ ಅರಸನು ವರ್ಷಕ್ಕೆ 13,000 ಹೊರ್ಮುಜ್ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ನೂನಿಜ್ ಹೇಳಿದ್ದಾನೆ. ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ಕಾಣುವ ತುರುಷ್ಕ ವೇಷದ ವ್ಯಕ್ತಿಗಳು ಈ ನಗರಕ್ಕೆ ಅಪರಿಚಿತರಾಗಿರಲಿಲ್ಲ.

ಅಳಿಯ ರಾಮರಾಯನ ಕಾಲಕ್ಕೆ ಈ ಒಡನಾಟ ಇನ್ನೂ ಬಿಗಿಯಾಯಿತು. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹನು ಸುಲ್ತಾನನಾಗುವ ಮುನ್ನ, 1543ರಿಂದ 1550ರವರೆಗೆ, ವಿಜಯನಗರದಲ್ಲಿ ಆಶ್ರಯ ಪಡೆದಿದ್ದನು. ಮುಂದೆ ಅವನು ತೆಲುಗು ಕವಿಗಳ ಪೋಷಕನಾದನು. ಬಿಜಾಪುರದ ಮೊದಲನೆಯ ಇಬ್ರಾಹಿಂ ಆದಿಲ್ ಶಾಹನು ಸೇವೆಯಿಂದ ಬಿಡುಗಡೆ ಮಾಡಿದ ವಿದೇಶೀ ಯೋಧರನ್ನು ರಾಮರಾಯನು ತನ್ನ ಸೈನ್ಯಕ್ಕೆ ಸೇರಿಸಿಕೊಂಡನು. ಅದೇ ಸುಲ್ತಾನನು ಲೆಕ್ಕಪತ್ರಗಳನ್ನು ಪಾರಸೀಕದಿಂದ ದೇಶಭಾಷೆಗೆ ಬದಲಾಯಿಸಿ ಬ್ರಾಹ್ಮಣ ಅಧಿಕಾರಿಗಳಿಗೆ ವಹಿಸಿದನೆಂದು ಫಿರಿಸ್ತಾ ತಿಳಿಸುತ್ತಾನೆ. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್ ಶಾಹನು ದಖನಿಯಲ್ಲಿ ರಚಿಸಿದ 'ಕಿತಾಬ್-ಎ-ನೌರಸ್' ಎಂಬ ಗೇಯಕೃತಿಯಲ್ಲಿ ಸರಸ್ವತಿ ಮತ್ತು ಗಣಪತಿಯರ ಸ್ತುತಿಯಿದೆ. ಕೊಡುಕೊಳ್ಳುವಿಕೆ ಕೃಷ್ಣಾನದಿಯ ಎರಡೂ ದಡಗಳಲ್ಲಿ ನಡೆದಿತ್ತು.

ಸಂಘರ್ಷದ ಪ್ರಶ್ನೆ

ಇಷ್ಟನ್ನು ಹೇಳಿದ ಮೇಲೆ ವಿಜಯನಗರವನ್ನು ಸೌಹಾರ್ದದ ಸ್ವರ್ಗವೆಂದು ಚಿತ್ರಿಸುವ ಇನ್ನೊಂದು ಅತಿರೇಕದಿಂದಲೂ ದೂರವಿರಬೇಕಾಗುತ್ತದೆ. ರಾಯಚೂರು ದೋಆಬಿಗಾಗಿ ನಡೆದ ಯುದ್ಧಗಳು ಭೀಕರವಾಗಿದ್ದವು. ಕುಮಾರ ಕಂಪಣನ ಮಧುರೆಯ ದಂಡಯಾತ್ರೆಯನ್ನು ವರ್ಣಿಸುವ ಗಂಗಾದೇವಿಯ 'ಮಧುರಾವಿಜಯಂ' ಕಾವ್ಯವು ತುರುಷ್ಕರನ್ನು ಕಠೋರವಾಗಿ ಚಿತ್ರಿಸಿದೆ. ಆ ಕಂಪಣನು 'ಹಿಂದೂರಾಯ ಸುರತ್ರಾಣ' ಬಿರುದಿನ ಬುಕ್ಕರಾಯನ ಮಗ. ಕಾವ್ಯದ ದ್ವೇಷವೂ ಶಾಸನದ ಬಿರುದೂ ಒಂದೇ ಮನೆತನದಿಂದ, ಒಂದೇ ಕಾಲದಲ್ಲಿ ಬಂದವು. ಎರಡರಲ್ಲಿ ಒಂದನ್ನು ಸತ್ಯವೆಂದೂ ಇನ್ನೊಂದನ್ನು ತೋರಿಕೆಯೆಂದೂ ತಳ್ಳಿಹಾಕುವುದು ಸರಿಯಲ್ಲ. ಮಹಾಕಾವ್ಯಕ್ಕೆ ಪ್ರತಿನಾಯಕನು ಬೇಕಾಗಿದ್ದನು, ಬಿರುದಾವಳಿಗೆ ಸಮಬಲನು ಬೇಕಾಗಿದ್ದನು. ಒಂದೇ ರಾಜಕೀಯ ಭಾಷೆಯನ್ನು ಕಲಿತವರು ಒಂದೇ ಕೋಟೆಗಳಿಗಾಗಿ, ಒಂದೇ ಕುದುರೆಗಳಿಗಾಗಿ, ಒಂದೇ ಹಿರಿಮೆಗಾಗಿ ಹೋರಾಡಿದರು.

1565ರ ಜನವರಿಯ ರಕ್ಕಸತಂಗಡಿ ಯುದ್ಧವು ಎರಡು ಮತಗಳ ನಡುವಿನ ಅಂತಿಮ ಸಮರವಾಗಿದ್ದರೆ, ಸೋತವರು ಗೆದ್ದವರ ಕುರುಹುಗಳನ್ನು ತೊರೆಯಬೇಕಾಗಿತ್ತು. ಹಾಗಾಗಲಿಲ್ಲ. ಪೆನುಗೊಂಡೆಯ ಗಗನಮಹಲ್, ಚಂದ್ರಗಿರಿಯ ರಾಜಮಹಲ್‌ಗಳಲ್ಲಿ ಕಮಾನು ಮತ್ತು ಶಿಖರಗಳ ಅದೇ ಬೆಸುಗೆ ಮುಂದುವರಿದಿದೆ. 17ನೆಯ ಶತಮಾನದಲ್ಲಿ ಮಧುರೆಯ ತಿರುಮಲ ನಾಯಕನ ಅರಮನೆಯಲ್ಲಿ ಅದು ಬೃಹತ್ತಾಗಿ ಬೆಳೆದಿದೆ. ಅರವೀಡು ಅರಸರು ಸುರತ್ರಾಣ ಬಿರುದನ್ನು ಕೈಬಿಡಲಿಲ್ಲ. ರಾಜಧಾನಿ ಹಾಳಾಯಿತು, ಆದರೆ ಅದು ರೂಪಿಸಿದ ಆಸ್ಥಾನ ಸಂಸ್ಕೃತಿ ದಕ್ಷಿಣಕ್ಕೆ ಸಾಗಿತು. ಹಂಪೆಯಲ್ಲಿಯೇ ವಿರೂಪಾಕ್ಷನ ಪೂಜೆ ಇಂದಿಗೂ ನಡೆದಿದೆ, ಅಹಮದ್ ಖಾನನ ಧರ್ಮಸಾಲೆ ಇಂದಿಗೂ ನಿಂತಿದೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ವಿಜಯನಗರದಲ್ಲಿ ಇಸ್ಲಾಮೀ ಮೂಲದ ರೂಪಗಳು ರಾಜತ್ವ, ಆಸ್ಥಾನ, ಸೇನೆ ಮತ್ತು ಲೌಕಿಕ ವಾಸ್ತುವಿನಲ್ಲಿ ನೆಲೆಗೊಂಡವು. ದೇವಾಲಯದ ಗರ್ಭಗೃಹ, ದಾನಶಾಸನದ ಅಂಕಿತ ಮತ್ತು ಸ್ತ್ರೀಯರ ಉಡುಪು ಅವುಗಳಿಂದ ಹೊರಗುಳಿದವು. ಅದೇ ರೀತಿ ಮುಸ್ಲಿಂ ಅಧಿಕಾರಿಯ ಕಟ್ಟಡದಲ್ಲಿ ಭಾಷೆ, ಹೆಸರು ಮತ್ತು ರಚನೆ ದೇಶೀಯವಾದವು, ಪ್ರಾರ್ಥನೆಯ ದಿಕ್ಕು ಬದಲಾಗಲಿಲ್ಲ. ಬೆರಕೆಯೆಂದರೆ ಎಲ್ಲವೂ ಕರಗಿ ಒಂದಾಗುವುದೆಂಬ ಗ್ರಹಿಕೆಯಾಗಲಿ, ಭಿನ್ನಮತೀಯರು ಪರಸ್ಪರ ಪರಕೀಯರಾಗಿಯೇ ಉಳಿದರೆಂಬ ಗ್ರಹಿಕೆಯಾಗಲಿ ಈ ಸಾಕ್ಷ್ಯಗಳಿಗೆ ಹೊಂದುವುದಿಲ್ಲ.

ಸ್ಮಾರಕಗಳ ಪಟ್ಟಿಗಳಲ್ಲಿ, ಪಠ್ಯಪುಸ್ತಕಗಳಲ್ಲಿ ಮತ್ತು ಶಾಸನಗಳ ಸೂಚಿಗಳಲ್ಲಿ ನಾವು ಬಳಸುವ ವರ್ಗೀಕರಣಗಳು ಮುಂದಿನ ಸಂಶೋಧನೆಯ ದಾರಿಯನ್ನು ನಿರ್ಧರಿಸುತ್ತವೆ. ಕಮಲ ಮಹಲನ್ನು ಇಸ್ಲಾಮೀ ಕಟ್ಟಡವೆಂದೂ ಅಹಮದ್ ಖಾನನ ಮಂಟಪವನ್ನು ಹಿಂದೂ ಶೈಲಿಯದೆಂದೂ ಬರೆದಿಟ್ಟರೆ ಎರಡೂ ಮಾತುಗಳು ಕಲ್ಲಿಗೆ ನಿಜ, ಅದನ್ನು ಕಟ್ಟಿದವರಿಗೆ ಸುಳ್ಳು. ಕಟ್ಟಡ, ಪದ ಅಥವಾ ಉಡುಪಿನ ಮೂಲವನ್ನು ಗುರುತಿಸುವುದರ ಜೊತೆಗೆ ಅದರ ಬಳಕೆಯ ಸಂದರ್ಭವನ್ನೂ ದಾಖಲಿಸಿದಾಗ ಮಾತ್ರ ಈ ಬಹುಸಂಸ್ಕೃತಿಯ ಸಾಮ್ರಾಜ್ಯವನ್ನು ಅದರ ಜನ ತಿಳಿದಿದ್ದಂತೆ ತಿಳಿಯಲು ಸಾಧ್ಯವಾಗುತ್ತದೆ. ಕರ್ನಾಟಕ, ಆಂಧ್ರಪ್ರದೇಶ ಮತ್ತು ತಮಿಳುನಾಡುಗಳಲ್ಲಿ ಹರಡಿರುವ ಆಸ್ಥಾನ ಶೈಲಿಯ ಕಟ್ಟಡಗಳನ್ನೂ ಆ ಕಾಲದ ಶಾಸನಗಳಲ್ಲಿ ಕಾಣುವ ಪಾರಸೀಕ ಹಾಗೂ ಅರಬ್ಬೀ ಮೂಲದ ಪದಗಳನ್ನೂ ಈ ದೃಷ್ಟಿಯಿಂದ ಒಟ್ಟಾಗಿ ಅಧ್ಯಯನ ಮಾಡುವ ಅಗತ್ಯವಿದೆ.